ಇಸಿಜಿ ನಾರ್ಮಲ್ ಇದ್ದರೆ ಸಾಕೆ? ರಕ್ತನಾಳ ಪೆಡಸಾಗುವ ಬಗೆ ಮತ್ತು ನೀವು ಹಂತಹಂತವಾಗಿ ಮಾಡಬೇಕಾದದ್ದು

2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹಠಾತ್ ಸಾವುಗಳು ಒಂದರ ಹಿಂದೊಂದು ಸುದ್ದಿಯಾದವು. ಅಂದಿನಿಂದ ಓದುಗರು ಕೇಳುತ್ತಿರುವ ಪ್ರಶ್ನೆ ಒಂದೇ: “ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಇನ್ನು ಭಯವಿಲ್ಲ ತಾನೆ?” ಆಗ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದವರು ಬಹಳ ಮಂದಿ. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದವಕ್ಕೆ ಬೇರೆ ಕಾರಣಗಳಿವೆ ಎಂದು ಹೇಳಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದೂ ವರದಿ ಕೊಟ್ಟಿತು. ವರದಿ ಬಂದ ಮೇಲೆ ಗಾಬರಿ ಇಳಿಯಿತು, ಅದರ ಜೊತೆಗೆ ಎಚ್ಚರವೂ ಇಳಿಯಿತು. ನನ್ನ ಚಿಂತೆ ಇರುವುದು ಇಲ್ಲಿ.

ಇಸಿಜಿ ತೆಗೆದ ಆ ಕೆಲವು ಸೆಕೆಂಡುಗಳಲ್ಲಿ ಹೃದಯದ ವಿದ್ಯುತ್ ಸಂಚಾರ ಹೇಗಿತ್ತು ಎಂಬುದನ್ನಷ್ಟೇ ಅದು ತೋರಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಇಪ್ಪತ್ತು ವರ್ಷಗಳಿಂದ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಹೃದಯಕ್ಕೆ ಆಪತ್ತು ತರುವ ಕೆಲಸ ಶುರುವಾಗುವುದು ಆ ಗೋಡೆಯಲ್ಲಿ. ಅದು ಹೇಗೆ ನಡೆಯುತ್ತದೆ, ನಿಮ್ಮಲ್ಲಿ ಎಷ್ಟು ನಡೆದಿರಬಹುದು ಎಂದು ಅಂದಾಜು ಮಾಡುವುದು ಹೇಗೆ, ತಡೆಯುವುದು ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲು ಕೈಯಲ್ಲಿ ಇರಬೇಕಾದವು: ಒಂದು ನೋಟ್‌ಬುಕ್, ದರ್ಜಿಯ ಅಳತೆ ಟೇಪು, ತೋಳಿಗೆ ಸುತ್ತುವ ಡಿಜಿಟಲ್ ಬಿಪಿ ಯಂತ್ರ (ಮಣಿಕಟ್ಟಿಗೆ ಕಟ್ಟುವುದು ಬೇಡ, ಅದರ ಲೆಕ್ಕ ತಪ್ಪುವುದು ಹೆಚ್ಚು), ಹಳೆಯ ರಕ್ತಪರೀಕ್ಷೆಗಳ ವರದಿಗಳು. ಯಂತ್ರ ಕೊಳ್ಳಲಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಬಹುದು.

1. ಗೋಡೆಯೊಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ಹೃದಯದಿಂದ ಶುದ್ಧ ರಕ್ತವನ್ನು ಹೊತ್ತೊಯ್ಯುವ ನಾಳಗಳಿಗೆ ಅಪಧಮನಿ ಎನ್ನುತ್ತಾರೆ. ಅದರ ಗೋಡೆಗೆ ಮೂರು ಪದರಗಳಿವೆ. ಒಳಪದರದ ಮೇಲೆ, ರಕ್ತಕ್ಕೆ ತಾಗಿಕೊಂಡಂತೆ, ಒಂದೇ ಒಂದು ಜೀವಕೋಶದಷ್ಟು ತೆಳುವಾದ ಹೊದಿಕೆ ಇರುತ್ತದೆ. ಇದಕ್ಕೆ ಎಂಡೋಥೀಲಿಯಂ ಎಂದು ಹೆಸರು. ನಾಳ ಹಿಗ್ಗಬೇಕೆ, ಕುಗ್ಗಬೇಕೆ, ರಕ್ತ ಹೆಪ್ಪುಗಟ್ಟಬೇಕೆ ಬೇಡವೆ ಎಂಬುದರಲ್ಲಿ ಈ ಹೊದಿಕೆಯ ಪಾತ್ರ ದೊಡ್ಡದು. ಬೀಡಿ–ಸಿಗರೇಟಿನ ಹೊಗೆ, ಏರಿದ ಬಿಪಿ, ಏರಿದ ಸಕ್ಕರೆ ಇವು ಮೊದಲು ಹಾಳುಮಾಡುವುದು ಇದನ್ನೇ.

ಹೊದಿಕೆ ಸೊರಗಿದ ಕಡೆ ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳು (ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಕಣಗಳು) ಗೋಡೆಯೊಳಗೆ ನುಸುಳಿ ಸಿಕ್ಕಿಕೊಳ್ಳುತ್ತವೆ, ಅಲ್ಲಿಯೇ ಕೆಡುತ್ತವೆ. ಕೆಟ್ಟದ್ದನ್ನು ತೆಗೆದುಹಾಕಲು ಬಿಳಿರಕ್ತಕಣಗಳು ಬರುತ್ತವೆ, ನುಂಗುತ್ತವೆ, ನುಂಗಿ ನುಂಗಿ ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ಹೀಗೆ ಗೋಡೆಯಲ್ಲಿ ಹಳದಿ ಗೆರೆಗಳು ಮೂಡುತ್ತವೆ. ಅದರ ಸುತ್ತ ಉರಿಯೂತ ಹುಟ್ಟುತ್ತದೆ, ನಡುಪದರದ ಸ್ನಾಯು ಜೀವಕೋಶಗಳು ಒಳಕ್ಕೆ ಸರಿದು ನಾರಿನಂಥ ಮುಚ್ಚಳವೊಂದನ್ನು ಕಟ್ಟುತ್ತವೆ. ಕೆಳಗೆ ಕೊಬ್ಬಿನ ಗಂಜಿ, ಮೇಲೆ ನಾರಿನ ಮುಚ್ಚಳ. ಇದನ್ನು ವೈದ್ಯರು ಪ್ಲಾಕ್ ಎನ್ನುತ್ತಾರೆ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸೇರಿಕೊಂಡು ಗೋಡೆ ಪೆಡಸಾಗುತ್ತದೆ.

ಈ ಕೆಲಸ ಎಷ್ಟು ಬೇಗ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು ಸುಮಾರು 22. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಯ ಹೃದಯದ ರಕ್ತನಾಳಗಳಲ್ಲಿ ಈ ರೋಗದ ಗುರುತು ಕಂಡಿತ್ತು. ಯುದ್ಧಕ್ಕೆ ಹೋಗುವಷ್ಟು ಗಟ್ಟಿಮುಟ್ಟಾಗಿದ್ದ ಹುಡುಗರು ಅವರು. “ನನಗಿನ್ನೂ ಮೂವತ್ತೈದು, ಇದೆಲ್ಲ ಈಗಲೇ ಏಕೆ?” ಎನ್ನುವವರು ಇದನ್ನು ಗಮನದಲ್ಲಿಡಬೇಕು.

ಇಲ್ಲಿ ಬಹುತೇಕರು ಎಡವುವ ಜಾಗವೊಂದಿದೆ. ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಪಾಚಿ ಕಟ್ಟಿ ಕಟ್ಟಿ ಕೊನೆಗೆ ನೀರು ನಿಲ್ಲುವ ಹಾಗೆ ಬ್ಲಾಕ್ ಬೆಳೆಯುತ್ತದೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ನಿಧಾನವಾಗಿ ಕಿರಿದಾಗುವ ನಾಳಗಳೂ ಉಂಟು. ನಡೆದಾಗ ಎದೆ ಬಿಗಿಯುವುದು, ನಿಂತಾಗ ಸಡಿಲವಾಗುವುದು ಅವುಗಳಿಂದ. ಆದರೆ ಹಠಾತ್ ಹೃದಯಾಘಾತಗಳಲ್ಲಿ ಬಹಳಷ್ಟು ಆಗುವುದು ನಾಳವನ್ನು ಅರ್ಧದಷ್ಟೂ ಮುಚ್ಚಿರದ ಪ್ಲಾಕ್‌ಗಳಿಂದ. ಮುಚ್ಚಳ ತೆಳುವಾಗಿದ್ದರೆ ಅದು ಒಂದು ದಿನ ಬಿರಿಯುತ್ತದೆ. ಒಳಗಿನ ಕೊಬ್ಬು ರಕ್ತಕ್ಕೆ ತಾಗಿದೊಡನೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಮೂರು–ನಾಲ್ಕು ಮಿಲಿಮೀಟರ್ ಅಗಲದ ನಾಳ ಕೆಲವೇ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು. ಹಿಂದಿನ ದಿನದ ಇಸಿಜಿ ಸರಿಯಾಗಿಯೇ ಇದ್ದಿರಬಹುದು. ಹಿಂದಿನ ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಟಿಎಂಟಿ ಪರೀಕ್ಷೆಯೂ ಸರಿಯಾಗಿ ಬಂದಿರಬಹುದು. ಪರೀಕ್ಷೆ ಮಾಡಿದವರು ತಪ್ಪು ಮಾಡಿದ್ದಾರೆ ಎಂದು ಇದರ ಅರ್ಥವಲ್ಲ. ಆ ಪರೀಕ್ಷೆಗಳು ಹುಡುಕುವುದು ಬೇರೆಯದನ್ನು.

ಆದ್ದರಿಂದ ನಾವು ಮಾಡಬೇಕಾದ ಕೆಲಸ ಎರಡು. ಹೊಸ ಕೊಬ್ಬು ಗೋಡೆಗೆ ನುಸುಳದಂತೆ ನೋಡಿಕೊಳ್ಳುವುದು, ಇರುವ ಪ್ಲಾಕ್‌ನ ಮುಚ್ಚಳ ಬಿರಿಯದಂತೆ ನೋಡಿಕೊಳ್ಳುವುದು. ಮುಂದಿನ ಹಂತಗಳೆಲ್ಲ ಇದಕ್ಕಾಗಿ.

2. ಹೃದಯವೊಂದನ್ನೇ ನೋಡಬೇಡಿ

ರಕ್ತನಾಳ ಮೈತುಂಬ ಇದೆ, ರೋಗವೂ ಹಾಗೆಯೇ. ಮಿದುಳಿಗೆ ಹೋಗುವ ನಾಳದಲ್ಲಾದರೆ ಪಾರ್ಶ್ವವಾಯು, ಅಂದರೆ ನಾವು ಲಕ್ವ ಎನ್ನುವುದು. ಮೂತ್ರಪಿಂಡದ ನಾಳದಲ್ಲಾದರೆ ಬಿಪಿ ಹತೋಟಿಗೆ ಬಾರದೆ ಮೂತ್ರಪಿಂಡ ಸೊರಗುತ್ತದೆ. ಕಾಲಿನ ನಾಳದಲ್ಲಾದರೆ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ.

ಈ ಕಾಲುನೋವಿನ ಬಗ್ಗೆ ಮಲೆನಾಡಿನವರಿಗೆ ಒಂದು ಮಾತು ಹೆಚ್ಚೇ ಹೇಳಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮನೆಯಿಂದ ತೋಟಕ್ಕೆ ಹೋಗುವುದೇ ಏರಿನ ದಾರಿ. ಏರು ಹತ್ತುವಾಗ ಅಷ್ಟೇ ದೂರಕ್ಕೆ ಪ್ರತಿದಿನ ಮೀನಖಂಡ ಹಿಡಿಯುವುದು, ಐದು ನಿಮಿಷ ನಿಂತರೆ ಬಿಡುವುದು, ಮತ್ತೆ ಹತ್ತಿದರೆ ಮತ್ತೆ ಹಿಡಿಯುವುದು: ಇದನ್ನು ವಯಸ್ಸಾಯಿತು, ವಾಯು ಎಂದು ತಳ್ಳಿಹಾಕಬೇಡಿ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನಿಂದ ಮೇಲಕ್ಕೆ ಬರುವ ನರದಂಥ ಎಳೆಯ ಪಕ್ಕದಲ್ಲಿ ಎರಡು ಬೆರಳನ್ನು ಹಗುರವಾಗಿಟ್ಟು ನಾಡಿ ಹುಡುಕಿ. ಕೆಲವು ಆರೋಗ್ಯವಂತರಲ್ಲೂ ಇಲ್ಲಿ ನಾಡಿ ಸಿಗುವುದಿಲ್ಲ. ಆದರೆ ಒಂದು ಕಾಲಿನಲ್ಲಿ ಚೆನ್ನಾಗಿ ಸಿಕ್ಕಿ ನೋವಿರುವ ಕಾಲಿನಲ್ಲಿ ಸಿಗದಿದ್ದರೆ ವೈದ್ಯರಿಗೆ ಹೇಳಿ. ಪಾದದ ಗಂಟಿನ ಹತ್ತಿರದ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಸರಳ ಪರೀಕ್ಷೆಯೊಂದಿದೆ. ಉತ್ತರ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದು ಅರ್ಥ. ಕಾಲಿನಲ್ಲಿ ಇದು ಇರುವವರ ಹೃದಯದ ನಾಳದಲ್ಲೂ ಇರುವ ಸಾಧ್ಯತೆ ಹೆಚ್ಚು.

ಗಂಡಸರು ಹೇಳಿಕೊಳ್ಳಲು ಸಂಕೋಚಪಡುವ ಸೂಚನೆಯೂ ಒಂದಿದೆ. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದು. ಹಾಗಾಗಿ ನಿಮಿರುವಿಕೆಯ ತೊಂದರೆ ಎದೆನೋವಿಗಿಂತ ಕೆಲವು ವರ್ಷ ಮುಂಚೆಯೇ ಕಾಣಿಸಿಕೊಳ್ಳಬಹುದು. ಗುಟ್ಟಾಗಿ ಮಾತ್ರೆ ತಂದು ನುಂಗುವ ಬದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ.

3. ನಿಮ್ಮ ಅಪಾಯದ ಪಟ್ಟಿ ಬರೆಯಿರಿ

ನೋಟ್‌ಬುಕ್ ತೆಗೆಯಿರಿ. ಅಪ್ಪ, ಅಣ್ಣ, ತಮ್ಮ ಇವರಲ್ಲಿ ಯಾರಿಗಾದರೂ 55ಕ್ಕೆ ಮುಂಚೆ, ಅಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ 65ಕ್ಕೆ ಮುಂಚೆ ಹೃದಯಾಘಾತ ಆಗಿತ್ತೆ? ಬೀಡಿ, ಸಿಗರೇಟು, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಇದೆಯೆ? ಬಿಪಿ, ಶುಗರ್ ಇದೆಯೆ? ಮಹಿಳೆಯರಾದರೆ ಬಸಿರಿನಲ್ಲಿ ಬಿಪಿ ಅಥವಾ ಶುಗರ್ ಏರಿತ್ತೆ? ಮುಟ್ಟು ನಿಂತಿದೆಯೆ? ಬಸಿರಿನ ಬಿಪಿಯನ್ನು ಹೆರಿಗೆಯಾದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ. ರಕ್ತನಾಳದ ಮಟ್ಟಿಗೆ ಅದು ಮರೆಯಬೇಕಾದ ಸಂಗತಿಯಲ್ಲ.

ಈಗ ಸೊಂಟದ ಅಳತೆ. ಪಂಚೆ, ಸೀರೆ, ಪ್ಯಾಂಟಿನ ಪಟ್ಟಿ ಎಲ್ಲವನ್ನೂ ಸರಿಸಿ ಬರಿ ಹೊಟ್ಟೆಯ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಟೇಪು ಹಿಡಿಯಿರಿ. ನಮ್ಮ ದೇಶದವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಹೊಟ್ಟೆಯೊಳಗೆ ಕೊಬ್ಬು ಸೇರಿದೆ ಎಂದು ಲೆಕ್ಕ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಬಹಳ. ತೂಕದ ಯಂತ್ರ ಇವರನ್ನು ಪಾಸು ಮಾಡಿಬಿಡುತ್ತದೆ, ಟೇಪು ಬಿಡುವುದಿಲ್ಲ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಮೊದಲ ಹೃದಯಾಘಾತದ ಅಪಾಯದ ಬಹುಪಾಲು ಒಂಬತ್ತೇ ಸಂಗತಿಗಳಿಂದ ಬರುತ್ತದೆ ಎಂದು ತೋರಿಸಿತು: ಕೊಲೆಸ್ಟ್ರಾಲ್, ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತರಕಾರಿ–ಹಣ್ಣಿನ ಕೊರತೆ, ವ್ಯಾಯಾಮದ ಕೊರತೆ, ಮದ್ಯದ ಬಳಕೆಯ ರೀತಿ. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ, ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುತ್ತಿರುವುದು ಕಂಡುಬಂತು. ಪಟ್ಟಿಯಲ್ಲಿ ಗೂಢವಾದದ್ದು ಏನೂ ಇಲ್ಲ. ಹೆಚ್ಚಿನವು ನಮ್ಮ ಕೈಯಲ್ಲೇ ಇರುವಂಥವು.

ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುವವರು, ಆಟೋ, ಟ್ಯಾಕ್ಸಿ ಚಾಲಕರು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಹೊತ್ತಿಲ್ಲದ ಊಟ, ಕೆಟ್ಟ ನಿದ್ದೆ, ಕುಳಿತೇ ಮಾಡುವ ಕೆಲಸ, ನಿದ್ದೆ ತಡೆಯಲು ಸಿಗರೇಟು: ಒಂಬತ್ತರಲ್ಲಿ ನಾಲ್ಕೈದು ಒಟ್ಟಿಗೇ ಇರುತ್ತವೆ.

4. ಬಿಪಿಯನ್ನು ಸರಿಯಾಗಿ ಅಳೆಯಿರಿ

ಬಸ್ಸಿಳಿದು ಓಡಿಬಂದು, ಕ್ಲಿನಿಕ್ಕಿನ ಬೆಂಚಿನ ತುದಿಯಲ್ಲಿ ಕುಳಿತು, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು ನೋಡಿದ ಬಿಪಿಗೆ ಬೆಲೆಯಿಲ್ಲ. ಕ್ರಮ ಹೀಗಿದೆ: ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಬರಿ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆದುಕೊಳ್ಳಿ. ಬೆಳಿಗ್ಗೆ, ಸಂಜೆ, ಒಂದು ವಾರ. ಮೊದಲ ದಿನದ ಅಂಕಿಗಳನ್ನು ಬಿಟ್ಟುಬಿಡಿ.

ಮನೆಯ ಸರಾಸರಿ 135/85ಕ್ಕೆ ಮುಟ್ಟಿದರೆ, ಅಥವಾ ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ 140/90 ಬಂದರೆ, ಅದನ್ನು ಏರಿದ ಬಿಪಿ ಎಂದೇ ತಿಳಿಯಬೇಕು. ತಲೆ ಸುತ್ತಲಿಲ್ಲ, ತಲೆ ನೋಯಲಿಲ್ಲ, ಹಾಗಾಗಿ ಬಿಪಿ ಇಲ್ಲ ಎಂಬುದು ನಾನು ಕೇಳುವ ತಪ್ಪುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು. ಬಹುಪಾಲು ಜನರಲ್ಲಿ ಬಿಪಿ ಯಾವ ಸೂಚನೆಯನ್ನೂ ಕೊಡುವುದಿಲ್ಲ.

5. ರಕ್ತಪರೀಕ್ಷೆ ಮಾಡಿಸಿ, ವರದಿಯನ್ನು ನೀವೇ ಓದಿ

ಬೇಕಾದವು ನಾಲ್ಕು: ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಲೆಕ್ಕ), ಬರಿಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ (ಮೂತ್ರಪಿಂಡದ ಲೆಕ್ಕ). ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಜೀವಮಾನದಲ್ಲಿ ಒಂದು ಸಲ ಲಿಪೋಪ್ರೋಟೀನ್ (ಎ) ಎಂಬುದನ್ನೂ ಮಾಡಿಸಿ. ಅದು ವಂಶದಿಂದ ಬರುವ ಕೊಬ್ಬಿನ ಕಣ. ಡೆಸಿಲೀಟರ್‌ಗೆ 50 ಮಿಲಿಗ್ರಾಂ ಮೀರಿದರೆ ಉಳಿದ ಎಲ್ಲದರಲ್ಲೂ ಹೆಚ್ಚು ಬಿಗಿಯಾಗಿರಬೇಕಾಗುತ್ತದೆ.

ಒಂದು ಉದಾಹರಣೆ ವರದಿ ಓದೋಣ. ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ (ನಾಳಕ್ಕೆ ಹಾನಿ ಮಾಡದ ಕಣಗಳಲ್ಲಿರುವ ಕೊಲೆಸ್ಟ್ರಾಲ್) 36, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 210. ಇಲ್ಲಿ ಹಲವರು ಒಟ್ಟು ಅಂಕಿ ನೋಡಿ “ಇನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ” ಎಂದು ಮಡಚಿಡುತ್ತಾರೆ. ಮುಂದುವರಿಯಿರಿ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ: 42. ಒಟ್ಟಿನಿಂದ 36 ಮತ್ತು 42 ಕಳೆಯಿರಿ: 134. ಇದು ಎಲ್‌ಡಿಎಲ್, ಗೋಡೆಗೆ ನುಸುಳುವ ಕೊಲೆಸ್ಟ್ರಾಲ್. (ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ.) ಈಗ ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆಯಿರಿ: 176. ನಾಳಕ್ಕೆ ಹಾನಿ ಮಾಡುವ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಇಷ್ಟು, ಇದಕ್ಕೆ ನಾನ್–ಎಚ್‌ಡಿಎಲ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಎಲ್‌ಡಿಎಲ್ 100ರೊಳಗೆ, ನಾನ್–ಎಚ್‌ಡಿಎಲ್ 130ರೊಳಗೆ, ಟ್ರೈಗ್ಲಿಸರೈಡ್ 150ರೊಳಗೆ ಇದ್ದರೆ ಒಳ್ಳೆಯದು. ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50 ದಾಟಿರಬೇಕು. ಸಾಧಾರಣವೆಂದು ಮಡಚಿಟ್ಟ ವರದಿಯಲ್ಲಿ ನಾಲ್ಕೂ ಅಂಕಿಗಳು ತಪ್ಪಿವೆ. ಹೊಟ್ಟೆ ಬಂದಿರುವ, ಸಕ್ಕರೆ ಏರುತ್ತಿರುವ ನಮ್ಮವರಲ್ಲಿ ಪದೇಪದೇ ಕಾಣುವುದು ಇಂಥದೇ ವರದಿ.

ವರದಿಯ ಪಕ್ಕದಲ್ಲಿ ಮುದ್ರಿಸಿರುವ ‘ಸಹಜ ಮಿತಿ’ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಒಮ್ಮೆ ಹೃದಯಾಘಾತವೋ ಸ್ಟೆಂಟೋ (ಕಿರಿದಾದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಜಾಲರಿಯ ಕೊಳವೆ) ಆದವರು ಎಲ್‌ಡಿಎಲನ್ನು 70ಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕು. ಅಪಾಯ ತೀರಾ ಹೆಚ್ಚಿದ್ದರೆ 50ರೊಳಗೆ ತರಬೇಕೆಂದು ವೈದ್ಯರು ಹೇಳುತ್ತಾರೆ. ಅಂಥವರ ವರದಿಯಲ್ಲಿ 95 ಎಂದಿದ್ದರೆ ಪ್ರಯೋಗಾಲಯದ ಕಾಗದ ಅದನ್ನು ಸಹಜ ಎನ್ನಬಹುದು, ಅವರ ಮಟ್ಟಿಗೆ ಅದು ಹೆಚ್ಚು.

ಎಲ್‌ಡಿಎಲ್ 190 ದಾಟಿದ್ದರೆ, ಕಣ್ಣಿನ ರೆಪ್ಪೆಯ ಮೂಲೆಯಲ್ಲಿ ಹಳದಿ ಗಂಟುಗಳಿದ್ದರೆ, ಹಿಮ್ಮಡಿಯ ನರ ದಪ್ಪವಾಗಿದ್ದರೆ ಅದು ವಂಶಪಾರಂಪರ್ಯದ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದು. ಊಟ ಎಷ್ಟೇ ಬಿಗಿ ಮಾಡಿದರೂ ಇದು ಇಳಿಯುವುದಿಲ್ಲ, ಔಷಧ ಬೇಕೇ ಬೇಕು. ಮಕ್ಕಳನ್ನೂ ಪರೀಕ್ಷಿಸಬೇಕು.

ಎಚ್‌ಬಿಎ1ಸಿ 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವಿನದು ಎಚ್ಚರಿಕೆಯ ಗಂಟೆ.

6. ಯಾವ ಸ್ಕ್ಯಾನ್ ಯಾರಿಗೆ?

ಲಕ್ಷಣವೇ ಇಲ್ಲದವರು ಹೆದರಿಕೆಗೆ ಆಂಜಿಯೋಗ್ರಾಂ ಮಾಡಿಸುವ ಅಗತ್ಯವಿಲ್ಲ. ನಾಳಕ್ಕೆ ತೂರುನಳಿಕೆ ಹಾಕಿ, ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುವ ಪರೀಕ್ಷೆ ಅದು, ಅದಕ್ಕೂ ಸಣ್ಣ ಅಪಾಯಗಳಿವೆ. ಔಷಧ ಶುರುಮಾಡಬೇಕೆ ಬೇಡವೆ ಎಂಬ ಗೊಂದಲ ಉಳಿದವರಿಗೆ ಕ್ಯಾಲ್ಸಿಯಂ ಸ್ಕೋರ್ ಎಂಬ ಸಿಟಿ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ. ನಾಳದ ಗೋಡೆಯ ಸುಣ್ಣವನ್ನು ಅದು ಎಣಿಸುತ್ತದೆ. ಸೊನ್ನೆ ಬಂದರೆ ಮುಂದಿನ ಕೆಲವು ವರ್ಷಗಳ ಅಪಾಯ ಕಡಿಮೆ, 100 ದಾಟಿದರೆ ಔಷಧದ ಮಾತು ಗಟ್ಟಿಯಾಗಿ ಬರುತ್ತದೆ. ಆದರೆ ಚಿಕ್ಕವರಲ್ಲಿ ಪ್ಲಾಕ್ ಇನ್ನೂ ಮೆತ್ತಗಿದ್ದು ಸುಣ್ಣ ಸೇರಿರುವುದಿಲ್ಲ. ಮೂವತ್ತೈದರ ಬೀಡಿ ಸೇದುವವನಿಗೆ ಸೊನ್ನೆ ಬಂದರೆ ಅದು ರಹದಾರಿಯಲ್ಲ.

7. ಅಡುಗೆಮನೆ, ತೋಟ, ಬೀಡಿ

ಮೊದಲು ಬೀಡಿ. ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಇಷ್ಟು ಲಾಭ ಕೊಡುವುದು ಬೇರೇನೂ ಇಲ್ಲ. “ದಿನಕ್ಕೆ ಎರಡೇ” ಎನ್ನುವವರಿಗೂ ಅಪಾಯವಿದೆ. ರಕ್ತನಾಳ ಬಹಳ ಕಡಿಮೆ ಹೊಗೆಗೂ ಕೆಡುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯ ಸೌದೆ ಒಲೆಯ ಹೊಗೆಯೂ ಹೃದಯಕ್ಕೆ ಕೆಟ್ಟದ್ದು. ಎಸ್ಟೇಟಿನ ಲೈನ್ ಮನೆಗಳಲ್ಲಿ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವ ಹೆಂಗಸರು ಒಂದು ಬೀಡಿಯನ್ನೂ ಸೇದದೆ ಹೊಗೆ ಕುಡಿಯುತ್ತಿದ್ದಾರೆ. ಹೊಗೆ ಹೊರಹೋಗುವ ದಾರಿ ಮಾಡುವುದು ಕೂಡ ಹೃದಯದ ಚಿಕಿತ್ಸೆಯೇ.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ ಮೀರಬಾರದು. ಮಳೆಗಾಲದ ಊಟದಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಸಂಡಿಗೆ ಒಟ್ಟಿಗೆ ಬಂದರೆ ಸಾರಿಗೆ ಉಪ್ಪು ಹಾಕುವ ಮೊದಲೇ ಲೆಕ್ಕ ಮುಗಿದಿರುತ್ತದೆ.

ಕೊಬ್ಬಿನ ವಿಷಯಕ್ಕೆ ಬಂದರೆ ನಮ್ಮ ಎರಡು ಸೀಮೆಗಳಿಗೆ ಎರಡು ಮಾತು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ, ತೆಂಗು ಕೈತುಂಬ. ಕೊಬ್ಬರಿ ಎಣ್ಣೆಯಲ್ಲಿ ಎಲ್‌ಡಿಎಲ್ ಏರಿಸುವ ಗಟ್ಟಿಕೊಬ್ಬು ಬಹಳ. ಸಾರಿಗೆ ಒಂದಿಷ್ಟು ಕಾಯಿ ಹಾಕುವುದರಿಂದ ತೊಂದರೆಯಿಲ್ಲ, ಕೊಬ್ಬರಿ ಎಣ್ಣೆಯನ್ನೇ ದಿನನಿತ್ಯದ ಅಡುಗೆಯೆಣ್ಣೆ ಮಾಡಿಕೊಳ್ಳಬೇಡಿ. ಶೇಂಗಾ, ಸೂರ್ಯಕಾಂತಿ ಎಣ್ಣೆಯನ್ನು ಹಿತಮಿತವಾಗಿ ಬಳಸಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಮಲೆನಾಡಿನಲ್ಲಿ ಹಂದಿ ಮಾಂಸದ ಊಟ ಬಿಡಿಸಲು ನಾನು ಹೊರಟಿಲ್ಲ. ಬಿಳಿ ಕೊಬ್ಬನ್ನು ಕತ್ತರಿಸಿ ತೆಗೆದು, ವಾರದ ಪದ್ಧತಿಯನ್ನು ತಿಂಗಳ ಪದ್ಧತಿ ಮಾಡಿ. ಮುದ್ದೆಯ ಜೊತೆ ಹುರುಳಿ, ಅವರೆ, ಸೊಪ್ಪಿನ ಸಾರು ಇರುವ ಬಯಲುಸೀಮೆಯ ಹಳೆಯ ಊಟ ರಕ್ತನಾಳಕ್ಕೆ ಬಹಳ ಒಳ್ಳೆಯದು. ಮುದ್ದೆಯ ಗಾತ್ರ ಮಾತ್ರ ಇಂದಿನ ನಿಮ್ಮ ದುಡಿಮೆಗೆ ತಕ್ಕಷ್ಟಿರಲಿ.

ಕಾಫಿಯ ಬಗ್ಗೆ ಚಿಕ್ಕಮಗಳೂರಿನವರು ಕೇಳದೆ ಬಿಡುವುದಿಲ್ಲ. ಕಾಫಿಯಲ್ಲಿ ಕ್ಯಾಫೆಸ್ಟಾಲ್ ಎಂಬ ಎಣ್ಣೆಯಂಶವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿಯನ್ನು ನೀರಿಗೆ ಹಾಕಿ ಕುದಿಸಿ, ತಿಳಿ ಬಗ್ಗಿಸಿಕೊಂಡು ಕುಡಿಯುವ ಕಾಫಿಯಲ್ಲಿ ಇದು ಹೆಚ್ಚು. ಕಾಗದದ ಸೋಸುಕದಲ್ಲಿ ಇಳಿಸಿದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿರುವವರು ಕುದಿಸಿದ ಕಾಫಿಯನ್ನು ಬಿಟ್ಟು ಸೋಸಿದ ಕಾಫಿಗೆ ಬನ್ನಿ, ದಿನಕ್ಕೆ ಎರಡು–ಮೂರು ಲೋಟಕ್ಕೆ ನಿಲ್ಲಿಸಿ. ಲೋಟಕ್ಕೆ ಎರಡು ಚಮಚದಂತೆ ಬೀಳುವ ಸಕ್ಕರೆ, ಬೆಲ್ಲ ಕಾಫಿಗಿಂತ ದೊಡ್ಡ ಸಮಸ್ಯೆ.

ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದ ನಡಿಗೆ ಸಾಕು. ತೋಟದಲ್ಲಿ ದುಡಿಯುವವರಿಗೆ ಇದು ಕೆಲಸದಲ್ಲೇ ಆಗಿಹೋಗುತ್ತದೆ. ಜೀಪಿನಲ್ಲಿ ಕುಳಿತು ತೋಟ ಸುತ್ತುವವರಿಗೆ ಆಗುವುದಿಲ್ಲ. ವರ್ಷಗಟ್ಟಲೆ ಮೈ ಬಗ್ಗಿಸದೆ ಒಮ್ಮೆಲೇ ಜಿಮ್ ಸೇರಿ ಭಾರ ಎತ್ತುವ ನಲವತ್ತರವರು ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಂಡು, ವೈದ್ಯರ ಮಾತು ಕೇಳಿ ಶುರುಮಾಡಿ.

8. ಔಷಧ: ಯಾರಿಗೆ, ಯಾವಾಗ

ಸ್ಟಾಟಿನ್ ಎಂಬ ಮಾತ್ರೆಗಳು (ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್) ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸಿ ರಕ್ತದ ಎಲ್‌ಡಿಎಲನ್ನು ಇಳಿಸುತ್ತವೆ. ಎಲ್‌ಡಿಎಲ್ ಸುಮಾರು 39 ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಆಪತ್ತುಗಳು ಸುಮಾರು ಐದನೇ ಒಂದು ಭಾಗ ತಗ್ಗುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ತೋರಿಸಿದೆ. ಪ್ಲಾಕ್ ಕರಗಿ ಮಾಯವಾಗುವುದಿಲ್ಲ, ಸ್ವಲ್ಪವೇ ಕುಗ್ಗುತ್ತದೆ. ಆದರೆ ಅದರ ಮುಚ್ಚಳ ಗಟ್ಟಿಯಾಗುತ್ತದೆ, ಬಿರಿಯುವ ಸಂಭವ ಇಳಿಯುತ್ತದೆ. ನಮಗೆ ಬೇಕಾದದ್ದು ಅದೇ.

ಇಲ್ಲಿ ಆಗುವ ತಪ್ಪು ಎಂದರೆ, ಮೂರು ತಿಂಗಳು ನುಂಗಿ, ವರದಿ ಸರಿ ಬಂತೆಂದು ಮಾತ್ರೆ ನಿಲ್ಲಿಸುವುದು. ವರದಿ ಸರಿಬಂದದ್ದು ಮಾತ್ರೆಯಿಂದ. ನಿಲ್ಲಿಸಿದರೆ ಎಲ್‌ಡಿಎಲ್ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಬಸಿರಿಗೆ ಯೋಚಿಸುತ್ತಿರುವವರು ಮೊದಲೇ ತಿಳಿಸಬೇಕು. ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ದುಬಾರಿ ಎಂದು ಬಿಡಬೇಡಿ.

ಹೃದ್ರೋಗವಿಲ್ಲದವರು ‘ರಕ್ತ ತೆಳುವಾಗಲಿ’ ಎಂದು ದಿನಾ ಆಸ್ಪಿರಿನ್ ನುಂಗುವುದು ಬೇಡ. ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವವಾಗುವ ಅಪಾಯ ಲಾಭವನ್ನು ನುಂಗಿಹಾಕುತ್ತದೆ. ಬ್ಲಾಕ್ ಕರಗಿಸುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಬೆಳ್ಳುಳ್ಳಿ–ಶುಂಠಿ–ನಿಂಬೆ–ವಿನೆಗರ್ ಕಷಾಯವನ್ನು ನಂಬಿ ಮಾತ್ರೆ ಬಿಟ್ಟವರು ಅಪಾಯದ ಅಂಚಿನಲ್ಲಿದ್ದಾರೆ. ಬೆಳ್ಳುಳ್ಳಿಯನ್ನು ಅಡುಗೆಗೆ ಹಾಕಿ ತಿನ್ನಿ, ಬಹಳ ಸಂತೋಷ. ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ.

ಸ್ಟೆಂಟ್ ಹಾಕಿಸಿದವರಿಗೂ ಒಂದು ಮಾತು. ಹೃದಯಾಘಾತ ಆಗುತ್ತಿರುವ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ. ಆದರೆ ಅದು ಒಂದು ಜಾಗವನ್ನಷ್ಟೇ ತೆರೆಯುತ್ತದೆ, ಉಳಿದ ಗೋಡೆಯ ರೋಗ ಹಾಗೆಯೇ ಇರುತ್ತದೆ. ನಡೆದಾಗ ಮಾತ್ರ ಬರುವ ಸ್ಥಿರವಾದ ಎದೆನೋವಿನವರಲ್ಲಿ, ಒಳ್ಳೆಯ ಔಷಧ ಚಿಕಿತ್ಸೆಯ ಜೊತೆ ಸ್ಟೆಂಟನ್ನೂ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ ಎಂದು 2007 ಮತ್ತು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಹೇಳಿವೆ. “ಸ್ಟೆಂಟ್ ಆಯಿತಲ್ಲ, ಇನ್ನು ಮಾತ್ರೆ ಏಕೆ?” ಎಂಬ ಪ್ರಶ್ನೆಗೆ ಉತ್ತರ ಇದೇ.

9. ಆಪತ್ತಿನ ಹೊತ್ತಿಗೆ ಇಂದೇ ತಯಾರಾಗಿ

ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ನೋವು, ಎಡತೋಳು, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿ ಸುಸ್ತು, ವಾಕರಿಕೆ, ಉಬ್ಬಸ ಇರಬಹುದು. ನಮ್ಮಲ್ಲಿ ಜೀವ ತೆಗೆಯುವ ತಪ್ಪೆಂದರೆ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಸೋಡಾ ಕುಡಿದು, ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವುದು. ಹೊಟ್ಟೆಯುರಿಯೋ ಹೃದಯವೋ ಎಂದು ಮನೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ, ವೈದ್ಯರಿಗೂ ಇಸಿಜಿ ಬೇಕು. ಈ ಹೊತ್ತಿನ ಇಸಿಜಿಗೆ ಮಾತ್ರ ಪೂರ್ತಿ ಬೆಲೆ. ಅದು ಸರಿ ಕಂಡರೂ ನೋವು ಮುಂದುವರಿದರೆ ಮತ್ತೆ ತೆಗೆಯಬೇಕು, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ವಸ್ತು) ನೋಡಬೇಕು.

108ಕ್ಕೆ ಕರೆ ಮಾಡಿ. ರೋಗಿಯನ್ನು ಏರು ಹತ್ತಿಸಿ ರಸ್ತೆಯವರೆಗೆ ನಡೆಸಬೇಡಿ, ಅವರೇ ಗಾಡಿ ಓಡಿಸುವುದಂತೂ ಬೇಡವೇ ಬೇಡ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ಹುಣ್ಣು ಇಲ್ಲದಿದ್ದರೆ, 108ರವರೋ ವೈದ್ಯರೋ ಹೇಳಿದರೆ, 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ನಾಲಗೆ ಕೆಳಗಿನ ಮಾತ್ರೆಯನ್ನು ಪಕ್ಕದ ಮನೆಯಿಂದ ತಂದು ಇಡಬೇಡಿ. ಬಿಪಿ ಇಳಿದಿದ್ದರೆ, ಅಥವಾ ನಿಮಿರುವಿಕೆಯ ಮಾತ್ರೆ ನುಂಗಿದ್ದರೆ, ಅದು ಪ್ರಾಣಕ್ಕೇ ಅಪಾಯ. ಕುಸಿದು ಬಿದ್ದು ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು ಎರಡು ಅಂಗುಲ ಆಳಕ್ಕೆ ಒತ್ತುತ್ತಲೇ ಇರಿ.

ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಆಸ್ಪಿರಿನ್ ಕೊಡಲೇಬಾರದು, ರಕ್ತಸ್ರಾವವೂ ಇರಬಹುದು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆಯೊಳಗೆ ಅವಕಾಶ. ಎಣ್ಣೆ ತಿಕ್ಕಿಸಲು, ನಾಟಿ ಔಷಧ ಹುಡುಕಲು ಹೋದರೆ ಆ ಗಂಟೆಗಳು ಮುಗಿದುಹೋಗುತ್ತವೆ.

ಹೃದಯಾಘಾತಕ್ಕೂ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಬೆಂಗಳೂರು, ಮೈಸೂರು ತಲುಪುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಗೆ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಎಂದು ಹೆಸರಿಟ್ಟಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ನಡೆಯುತ್ತಿದೆಯೆ, ರಾತ್ರಿಯೂ ಸಿಗುತ್ತದೆಯೆ ಎಂದು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿ. ಕಳಸ, ಶೃಂಗೇರಿಯ ಒಳಹಳ್ಳಿಗಳಲ್ಲಿ, ಸಿಗ್ನಲ್ ಸಿಗದ ಎಸ್ಟೇಟುಗಳಲ್ಲಿ ಇರುವವರು ಮೂರು ಸಂಗತಿಗಳನ್ನು ಬರೆದು ಬಾಗಿಲ ಹಿಂದೆ ಅಂಟಿಸಿ: ಮನೆಯ ಸುತ್ತ ಮೊಬೈಲ್ ಹಿಡಿಯುವ ಜಾಗ ಯಾವುದು, ರಾತ್ರಿ ಕರೆದರೆ ಬರುವ ಜೀಪು ಯಾರದು, ಆಂಬುಲೆನ್ಸ್ ಬಂದು ನಿಲ್ಲಬಹುದಾದ ತಿರುವು ಯಾವುದು. ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ, ಆರೋಗ್ಯ ಕಾರ್ಡು ಒಂದೇ ಚೀಲದಲ್ಲಿ ಅದರ ಪಕ್ಕದಲ್ಲಿರಲಿ.

10. ಮತ್ತೆ ಯಾವಾಗ?

ಎಲ್ಲವೂ ಸರಿಯಿದ್ದರೆ ಬಿಪಿಯನ್ನು ವರ್ಷಕ್ಕೊಮ್ಮೆ ನೋಡಿಸಿ, ಲಿಪಿಡ್ ಮತ್ತು ಸಕ್ಕರೆ ಪರೀಕ್ಷೆಯನ್ನು ಎರಡು–ಮೂರು ವರ್ಷಕ್ಕೊಮ್ಮೆ ಮಾಡಿಸಿ. ಸ್ಟಾಟಿನ್ ಶುರುಮಾಡಿದವರು ಆರರಿಂದ ಹನ್ನೆರಡು ವಾರಗಳೊಳಗೆ ಲಿಪಿಡ್ ಮರುಪರೀಕ್ಷೆ ಮಾಡಿಸಿ, ಗುರಿ ಮುಟ್ಟಿದ ಮೇಲೆ ವರ್ಷಕ್ಕೊಮ್ಮೆ ಸಾಕು. ಮನೆಯಲ್ಲಿ ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅವರ ಒಡಹುಟ್ಟಿದವರು ಮತ್ತು ಮಕ್ಕಳು, ಇಪ್ಪತ್ತರ ಹರೆಯದವರಾದರೂ ಸರಿ, ಈ ತಿಂಗಳೇ ಲಿಪಿಡ್ ಪ್ರೊಫೈಲ್ ಮಾಡಿಸಲಿ. ಬರಿಹೊಟ್ಟೆಯಲ್ಲಿ ಹೋಗಲಾಗದಿದ್ದರೂ ಮಾಡಿಸಬಹುದು, ಟ್ರೈಗ್ಲಿಸರೈಡ್ ಏರಿ ಕಂಡರೆ ಮಾತ್ರ ಇನ್ನೊಂದು ದಿನ ಬರಿಹೊಟ್ಟೆಯಲ್ಲಿ ಮತ್ತೆ ನೋಡುತ್ತಾರೆ.